ಹಿತ್ತಲಿನ ಉತಾರ

ಏಪ್ರಿಲ್ ೮, ಮಂಗಳವಾರ

ಮಂಗಲಾ ಬರುವುದಿಲ್ಲವಂತೆ.

ಕರೆದುಕೊಂಡು ಬರಲೆಂದೇ ಬೀಳಗಿಗೆ ಹೋಗಿದ್ದೆ. ವಾಪಸು ಬರುವಾಗ ಬಸ್ಸಿನ ಯಾವ ಕಡೆಗೆ ನೆರಳು ಇರುತ್ತದೆ ಎಂಬುದನ್ನು ಕೂಡ ಹೋಗುವಾಗಲೇ ಲೆಕ್ಕ ಹಾಕಿಟ್ಟಿದ್ದೆ. ಅವಳು ಅಕ್ಕ ರತ್ನಾಬಾಯಿಯ ಪಡಸಾಲೆಯಲ್ಲಿ ಕೋಲು ಹಿಡಿದು ಆರಾಮವಾಗಿ ಓಡಾಡುತ್ತಿದ್ದಳು. ಎಲುಬು ಕೂಡಿದೆ, ಡಾಕ್ಟರು ಮನೆಗೆ ಹೋಗಬಹುದು ಅಂದಿದ್ದಾರೆ, ಚೀಲ ತುಂಬು ಎಂದೆ. ಅವಳು ಕೂತಳು. ಕೂತು, "ಹಿತ್ತಲಾ ಸರಿ ಆಗೂತನಕಾ ನಾ ಬರೂದಿಲ್ಲ" ಎಂದಳು. ಮದುವೆಯಾದ ಮೇಲೆ ಈ ದನಿಯಲ್ಲಿ ಅವಳು ಮಾತಾಡಿದ್ದು ಅಪರೂಪ. ಮಾತಾಡಿದಾಗೆಲ್ಲ ಸೋತವನು ನಾನೇ.

"ಇರಲಿ ಬಿಡ್ರಿ, ನಮಗೇನ ಭಾರ ಆಗ್ಯಾಳೇನು?" ಎಂದು ರತ್ನಾಬಾಯಿ ಚಹ ಕೊಟ್ಟರು. ನನಗೆ ಅಡಿಗೆ ಮಾಡಿ ಹಾಕುವವರು ಯಾರು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಚಹದ ಜೊತೆ ನುಂಗಿದೆ.

ಫೆಬ್ರುವರಿಯಲ್ಲಿ ಹಿತ್ತಲ ರಾಡಿಯಲ್ಲಿ ಕಾಲು ಜಾರಿ ತೊಡೆಯ ಎಲುಬು ಮುರಿದುಕೊಂಡವಳು ಅವಳು. ನಾನು ಆಗ ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಒಗೆಯುವ ಕಲ್ಲಿನ ಪಕ್ಕ ನೆಲದ ಮೇಲೇ ಇದ್ದಳು. ಆದರೆ ಆ ರಾಡಿಗೆ ಕಾರಣ ನಾನಲ್ಲ. ಬಚ್ಚಲ ನೀರು ಮೊದಲು ಗೋಡೆಯ ಬುಡದ ಮೋರಿಯಿಂದ ಪಕ್ಕದವರ ಹಿತ್ತಲ ಅಂಚಿಗೆ ಹಾದು ಓಣಿಯ ಗಟಾರ ಸೇರುತ್ತಿತ್ತು. ಆ ಮೋರಿಗೆ ಸಿಮೆಂಟು ಬಡಿದವನು ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಚನಮಲ್ಲಪ್ಪ. ನಡುಗೋಡೆ ನನ್ನ ಜಾಗದಲ್ಲಿ ಒಂದು ಗೇಣು ಒಳಗೆ ಬಂದಿದೆ ಎಂದು ನಾನು ಟೇಪು ಹಿಡಿದು ಸಾಬೀತು ಮಾಡಿದ ಮರುದಿನವೇ ಬಡಿದ. ಎಷ್ಟೋ ವರ್ಷಗಳಾದವು, ಅಂದಿನಿಂದ ಎರಡು ಮನೆಗೆ ಮಾತಿಲ್ಲ. ಹೆಂಗಸರೂ ಮಾತಾಡಕೂಡದೆಂದು ನಾನು ತಾಕೀತು ಮಾಡಿದ್ದೇನೆ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಆದದ್ದಕ್ಕೆಲ್ಲ ಸದರಿ ಇಸಮನೇ, ಅಂದರೆ ಮೇಲೆ ಹೇಳಿದ ವ್ಯಕ್ತಿಯೇ, ಹೊಣೆ. ಇನ್ನು ಮುಂದೆ ಅವನ ಹೆಸರನ್ನು ಇದರಲ್ಲಿ ಬರೆಯುವುದಿಲ್ಲ.

ಬರುವ ದಾರಿಯಲ್ಲಿ ಒಂದು ಪೆಟ್ರೋಲ್ ಪಂಪಿನ ಅಂಗಳಕ್ಕೆ ಪೇವರ್ ಕಲ್ಲು ಹಾಸಿದ್ದು ಕಂಡಿತು. ಕಸವಿಲ್ಲ, ರಾಡಿಯಿಲ್ಲ. ಹಿತ್ತಲು ಸರಿಯಾಗಬೇಕು ತಾನೇ? ಆಗುತ್ತದೆ.

ಏಪ್ರಿಲ್ ೧೦, ಗುರುವಾರ

ಲೋಕಾಪುರದ ಚಿದಾನಂದ ಎಂಬ ಪೇವರ್ ಗುತ್ತಿಗೆದಾರ ಬಂದಿದ್ದ. ಬೆಳಿಗ್ಗೆ ಬರುತ್ತೇನೆಂದವನು ಸಂಜೆ ಬಂದ. ಕಪ್ಪು ಕನ್ನಡಕ, ಬಿಳಿ ಬೂಟು, ಎರಡು ಫೋನು. ಸಾಂಗಲಿಯಲ್ಲಿ ಕೆಲಸ ಕಲಿತವನಂತೆ. ಮಾತಿಗೊಮ್ಮೆ ಸಾಂಗಲಿ ಬರುತ್ತದೆ. ಕೈಗೆ ಒಂದು ಕಾರ್ಡು ಕೊಟ್ಟ. ಅದರಲ್ಲಿ 'ಔಟ್‌ಡೋರ್ ಲಿವಿಂಗ್ ತಜ್ಞರು' ಎಂದಿತ್ತು. ಹಾಗೆಂದರೆ ಏನಪ್ಪ ಎಂದು ಕೇಳಿದೆ.

"ಹೊರಗ ಕುಂದ್ರೂದ್ರೀ" ಎಂದ.

ಹೊರಗೆ ಕೂಡಲು ತಜ್ಞರು ಬೇಕೆಂಬುದು ನನಗೆ ಇಂದೇ ತಿಳಿದದ್ದು. ಡಂಬಲ್ ಆಕಾರದ ಕಲ್ಲು, ಝಿಗ್‌ಜಾಗ್ ಕಲ್ಲು ಎಂದು ಫೋನಿನಲ್ಲಿ ಚಿತ್ರ ತೋರಿಸಿದ. "ನಿಮ್ಮಂಥಾ ಹಿರ್ಯಾರಿಗಿ ಝಿಗ್‌ಜಾಗ್ ಒಪ್ಪತೈತ್ರೀ" ಎಂದ. ಯಾಕೆ ಒಪ್ಪುತ್ತದೆ ಎಂದು ಕೇಳಲಿಲ್ಲ. ಆಮೇಲೆ ಹಿತ್ತಲ ನಡುವೆ ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ನನ್ನ ಎದೆಗೆ ಕಲ್ಲು ಬಿದ್ದಂಥ ಮಾತೊಂದನ್ನು ಆಡಿದ.

"ರಾಯರ, ನಿಮ್ಮ ಹಿತ್ತಲದ ಉತಾರ ಪೂರಾ ಚನಮಲ್ಲಪ್ಪಾರ ಕಡೆ ಐತ್ರೀ."

ಉತಾರ ಎಂದರೇನೆಂದು ಜಮಖಂಡಿಯಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ. ಜಾಗ ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರಕಾರಿ ಕಾಗದ ಅದು. ನಿವೃತ್ತಿಯಾಗುವವರೆಗೆ ಸರ್ವೆ ಕಚೇರಿಯ ಕಿಟಕಿಯಲ್ಲಿ ಕೂತು ಊರಿಗೆಲ್ಲ ಉತಾರ ತೆಗೆದುಕೊಟ್ಟವನೇ ನಾನು. ನನ್ನ ಹಿತ್ತಲ ಉತಾರ ಆ ಇಸಮನ ಕಡೆಗೆ ಹೋಗಿದೆಯೆಂದರೆ?

"ನಿನಗ ಯಾರ ಹೇಳಿದ್ರು?" ಎಂದೆ.

"ಯಾರ ಹೇಳಬೇಕ್ರೀ? ನೋಡಿದ್ರ ಗೊತ್ತಾಗತೈತಿ. ಮೊದಲಿಂದನೂ ಅವರ ಕಡೇನ ಇರಬೇಕು. ಬೇಕಂದ್ರ ನಿಮ್ಮ ಕಡೆ ತಿರಗಸಾಕ ಬರತೈತಿ. ಖರ್ಚ ಆಕ್ಕೈತಿ."

"ಯಾರಿಗೆ ಕೊಡಬೇಕು?"

"ನನಗ ಕೊಡ್ರಿ. ನಾ ಎಲ್ಲಾ ಮಾಡಸ್ತೀನಿ."

ನನ್ನ ಎದುರಿಗೇ, ನನ್ನ ಹಿತ್ತಲಲ್ಲೇ, ಲಂಚ. ಶನಿವಾರ ಬಾ ಎಂದು ಕಳಿಸಿದವನೇ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತೆ. ಸದರಿ ಇಸಮ ತನ್ನ ಹಿತ್ತಲಲ್ಲಿ ಬೆಲ್ಲದ ಪೆಂಟೆ ಎಣಿಸುತ್ತಿದ್ದ.

"ನಮ್ಮ ಹಿತ್ತಲದ ಉತಾರ ನಿಮ್ಮ ಕಡೆ ಮಾಡ್ಕೊಂಡೀರಂತಲ್ಲ?"

ಇಷ್ಟು ವರ್ಷಗಳ ಮೇಲೆ ನನ್ನ ದನಿ ಕೇಳಿ ಅವನ ಎಣಿಕೆ ತಪ್ಪಿತು. "ಏನ್ ಮಾತಾಡಾಕತ್ತೀರಿ?" ಎಂದ. ಮುಖದಲ್ಲಿ ಕಳ್ಳತನ ಎದ್ದು ಕಾಣುತ್ತಿತ್ತು.

ಏಪ್ರಿಲ್ ೧೧, ಶುಕ್ರವಾರ

ಕಚೇರಿ ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಂತೆ. ಜೀವಮಾನವಿಡೀ ಆ ಕಿಟಕಿಯ ಒಳಗಿದ್ದವನಿಗೆ ಹೊರಗಿನ ಬಿಸಿಲು ಇಷ್ಟಿರುತ್ತದೆಂದು ಗೊತ್ತಿರಲಿಲ್ಲ. ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಸದರಿ ಇಸಮ. ನಾನು ತನ್ನ ಜಾಗದ ಮೇಲೆ ಏನೋ ಮಸಲತ್ತು ಮಾಡಿದ್ದೇನೆಂದು ಹೆದರಿ ಅವನೂ ತನ್ನ ಉತಾರ ತೆಗೆಸಲು ಬಂದಿದ್ದ. ಇಬ್ಬರೂ ಒಬ್ಬರ ಬೆನ್ನನ್ನೊಬ್ಬರು ನೋಡದ ಹಾಗೆ ನಿಂತೆವು. ಸಾಲಿನಲ್ಲಿ ಅದು ಎಷ್ಟು ಕಷ್ಟವೆಂಬುದು ನಿಂತವರಿಗೇ ಗೊತ್ತು.

ಈಗ ಕಿಟಕಿಯಲ್ಲಿರುವವನು ನಾನೇ ಕೆಲಸ ಕಲಿಸಿದ ಕೌಸ್ತುಭ. ಎರಡೂ ಕಾಗದ ತೆಗೆದು ಓದಿದ. "ಸರ್, ನಿಮ್ಮದು ನಿಮ್ಮ ಹೆಸರಿಗೇ ಅದ. ಕಾಕಾಂದು ಕಾಕಾನ ಹೆಸರಿಗೇ ಅದ. ಹ್ಯಾಂಗಿತ್ತೋ ಹಂಗೇ ಅದ" ಎಂದ.

ಸಂತೋಷವಾಗಬೇಕಿತ್ತು. ಆದರೆ ಖರೆ ಹೇಳಬೇಕೆಂದರೆ ಇಬ್ಬರ ಮುಖವೂ ಸ್ವಲ್ಪ ಸಪ್ಪಗಾಯಿತು. ಬರುವಾಗ ಒಂದೇ ಟಂಟಂ ಆಟೋ ಸಿಕ್ಕಿತು. ನಡುವೆ ಕೂತಿದ್ದ ಹೆಂಗಸರು ಹನುಮಂತ ದೇವರ ಗುಡಿಯ ಹತ್ತಿರ ಇಳಿದುಹೋದರು. ಅವರ ಜಾಗವನ್ನು ನಾವಿಬ್ಬರೂ ಮನೆಯವರೆಗೆ ಹಾಗೆಯೇ ಕಾಪಾಡಿಕೊಂಡು ಬಂದೆವು.

ಏಪ್ರಿಲ್ ೧೨, ಶನಿವಾರ

ಚಿದಾನಂದ ಬಂದ ಕೂಡಲೇ ಉತಾರವನ್ನು ಅವನ ಮುಖಕ್ಕೆ ಹಿಡಿದೆ. ಅವನು ಕಪ್ಪು ಕನ್ನಡಕ ತೆಗೆದು ಅತ್ತ ಇತ್ತ ತಿರುಗಿಸಿ ನೋಡಿದ.

"ಇದೇನ್ರೀ?"

"ಉತಾರ. ಯಾರ ಕಡೆ ಅದ, ಓದು."

"ಇದಲ್ರೀ ರಾಯರ. ನಾ ಅಂದದ್ದು ನೀರಿಂದು. ಇಳಕಲು." ಬಚ್ಚಲಿಗೆ ಹೋಗಿ ತಂಬಿಗೆ ತುಂಬಿ ತಂದು ನೆಲಕ್ಕೆ ಸುರಿದ. ನೀರು ಹರಿಯುತ್ತ ಹೋಗಿ ಸದರಿ ಇಸಮನ ಗೋಡೆಗೆ ಆತು ನಿಂತಿತು. "ನೋಡ್ರಿ, ಉತಾರ ಆ ಕಡೆ ಐತಿ. ಇನ್ನ ಈ ಕಾಗದಾ, ಇದನ್ನ ನೀರಿಗಿ ಓದಾಕ ಬರೂದಿಲ್ರೀ."

ನನ್ನ ಅವ್ವ ಮನೆಯಲ್ಲಿ ಮರಾಠಿ ಆಡುವವಳು. ಇಳಿಜಾರಿಗೆ ಅವಳು ದಿನಾ 'ಉತಾರ' ಎನ್ನುತ್ತಿದ್ದಳು. ಸೈಕಲ್ ಹತ್ತಿದರೆ 'ಉತಾರದಲ್ಲಿ ಸಾವಕಾಶ' ಎಂದು ಕೂಗುತ್ತಿದ್ದಳು. ನೌಕರಿ ಆ ಅರ್ಥವನ್ನು ನನ್ನ ತಲೆಯಿಂದ ಅಳಿಸಿಹಾಕಿತ್ತು. ಇದನ್ನೆಲ್ಲ ಒಪ್ಪಿಕೊಳ್ಳುವ ಬದಲು, "ಸ್ಲೋಪ್ ಅನ್ನಲಿಕ್ಕೆ ಏನ ಧಾಡಿ ನಿನಗ?" ಎಂದು ರೇಗಿದೆ.

"ಸಾಂಗಲ್ಯಾಗ ಉತಾರ ಅಂತಾರ್ರೀ" ಎಂದ.

ಮೋರಿ ಬಿಚ್ಚಿಸಿ ನೀರನ್ನು ಮೊದಲಿನ ಹಾಗೆ ಆ ಕಡೆಗೇ ಬಿಡಬೇಕೆಂದು ಅವನ ಸಲಹೆ. ಮೋರಿ ಬಿಚ್ಚಿಸಲು ಸದರಿ ಇಸಮನನ್ನು ಕೇಳಬೇಕು. ಅದಕ್ಕಿಂತ ನೀರನ್ನು ನನ್ನ ಕಡೆಗೇ ತಿರುಗಿಸು, ಅಡಿಗೆಮನೆಯ ಬಾಗಿಲ ಪಕ್ಕದ ಸಂದಿಯಿಂದ ಮುಂದಿನ ರಸ್ತೆಗೆ ಹೋಗಲಿ ಎಂದೆ. ಚಿದಾನಂದ ಸಂದಿಯನ್ನು ನೋಡಿದ, ನನ್ನನ್ನು ನೋಡಿದ. "ಸಣ್ಣ ಮಳಿಗಿ ನಡೀತೈತಿ. ದೊಡ್ಡ ಮಳಿಗಿ ನಾ ಜವಾಬ್ದಾರ ಅಲ್ರೀ" ಎಂದ. ನನ್ನ ಹಿತ್ತಲು, ನನ್ನ ಹೆಸರಿನ ಉತಾರ. ಎರಡನೆಯ ಉತಾರವೂ ನನ್ನ ಕಡೆಗೇ ಇರಲಿ.

ಏಪ್ರಿಲ್ ೨೧, ಸೋಮವಾರ

ಕೆಲಸ ನಡೆದಿದೆ. ಪೇವರ್ ಎಂದರೆ ಕಲ್ಲು ತಂದು ಸಾಲಾಗಿ ಇಡುವುದೆಂದು ತಿಳಿದಿದ್ದೆ. ಮೊದಲು ಮೊಣಕಾಲು ಮುಳುಗುವಷ್ಟು ಅಗೆದರು. ಆಮೇಲೆ ಗರಸು, ಖಡಿ, ಅದರ ಮೇಲೆ ಉಸುಕು. ಒಂದೊಂದನ್ನು ಹಾಕಿದಾಗಲೂ ಒಂದು ಧಡಧಡ ಮಷಿನ್ನು ತಂದು ನೆಲವನ್ನು ಬಡಿಯುತ್ತಾರೆ. ಇಂದು ಅದು ಶುರುವಾದಾಗ ನಮ್ಮ ದೇವರ ಮಾಡದಲ್ಲಿದ್ದ ಗೌರಿಗಣಪತಿ ಮುಖ ತಿರುಗಿಸಿ ಕೂತರು. ಗೋಡೆಯಾಚೆ ಏನೋ ಹಿತ್ತಾಳೆಯದು ಬಿದ್ದ ಸದ್ದಾಯಿತು. ಇನ್ನಷ್ಟು ಬಡಿ ಎಂದು ಚಿದಾನಂದನಿಗೆ ಹೇಳಿದೆ.

ಕಲ್ಲು ಕೂಡಿಸುವವಳು ಸಾತವ್ವ ಎಂಬ ಗಟ್ಟಿ ಹೆಂಗಸು. "ಬಾಯಾರು ಎಲ್ಲಿ ಹೋಗ್ಯಾರ್ರೀ?" ಎಂದು ಕೇಳಿದಳು. ಅಕ್ಕನ ಊರಿಗೆ ಎಂದೆ. "ಯಾವಾಗ ಬರ್ತಾರ್ರೀ?" ನಿಮ್ಮ ಕೆಲಸ ಮುಗಿದ ಮೇಲೆ ಎಂದೆ. ಅವಳು ನನ್ನ ಮುಖ ನೋಡಿ, "ಹಂಗಾರ ಲಗೂನ ಹಾಕತೀವಿ ಬಿಡ್ರಿ" ಎಂದಳು. ಕೂಲಿಯವಳ ಹತ್ತಿರ ಇಷ್ಟೆಲ್ಲ ಹೇಳಬಾರದಿತ್ತು.

ಏಪ್ರಿಲ್ ೨೬, ಶನಿವಾರ

ಮುಗಿಯಿತು. ಬೂದು ಮತ್ತು ಕೆಂಪು ಝಿಗ್‌ಜಾಗ್. ಒಂದು ಕಲ್ಲು ಕೂಡ ಅಲುಗುವುದಿಲ್ಲ. ಚಪ್ಪಲಿ ಬಿಟ್ಟು ಕುಣಿದು ನೋಡಿದೆ. ಫೋಟೋ ತೆಗೆದು ಮಂಗಲಾಗೆ ಕಳಿಸಿ, ಸಂಜೆ ಫೋನು ಮಾಡಿದೆ.

"ಕಲ್ಲ ಛಲೋ ಅವ" ಎಂದಳು. ನಾನು ಕಾದೆ.

"ಮತ್ತ?" ಎಂದಳು.

ಮತ್ತೆ ಅಂದರೆ ಏನು?

ಏಪ್ರಿಲ್ ೨೮, ಸೋಮವಾರ

ಹಿಡಿದುಕೊಂಡು ನಡೆಯಲು ಆಸರೆ ಬೇಕೆಂದು ಹೇಳಿರಬಹುದು. ಬಚ್ಚಲವರೆಗೆ ಸ್ಟೀಲಿನ ಕಂಬಿ ಹಾಕಿಸಿದೆ. ಫೋಟೋ ಕಳಿಸಿದೆ.

"ಮತ್ತ?"

ಏಪ್ರಿಲ್ ೩೦, ಬುಧವಾರ

ಮೂರು ಹೂವಿನ ಕುಂಡ. ದಾಸವಾಳ, ಗುಲಾಬಿ, ಇನ್ನೊಂದರ ಹೆಸರು ನರ್ಸರಿಯವನಿಗೂ ಗೊತ್ತಿಲ್ಲ.

"ಮತ್ತ?"

ಬಸವ ಜಯಂತಿ. ಮೊದಲೆಲ್ಲ ಈ ದಿನ ಸದರಿ ಇಸಮನ ಹೆಂಡತಿ ಶಿವಗಂಗವ್ವ ಹೋಳಿಗೆ ಕಳಿಸುತ್ತಿದ್ದಳು. ಇಂದೂ ವಾಸನೆ ಬಂತು. ವಾಸನೆಗೆ ಗೋಡೆ ಇಲ್ಲ.

ಮೇ ೩, ಶನಿವಾರ

ಇಂದೂ ಅವಲಕ್ಕಿ.

ಮೇ ೧೪, ಬುಧವಾರ

ಸಂಜೆ ನಾಲ್ಕರ ಸುಮಾರಿಗೆ ಧೂಳು ಎದ್ದಿತು, ಹಿಂದೆಯೇ ಆಲಿಕಲ್ಲು, ಹಿಂದೆಯೇ ಮಳೆ. ಮೊದಲು ಖುಷಿಯಿಂದ ಬಾಗಿಲಲ್ಲಿ ನಿಂತು ನೋಡಿದೆ. ನೀರು ಎಷ್ಟು ವಿಧೇಯವಾಗಿ ನನ್ನ ಕಡೆಗೆ ಬರುತ್ತಿತ್ತು! ಆಮೇಲೆ ಸಂದಿಯ ಬಾಯಿಗೆ ಎಲೆ, ಕಸ, ಆಲಿಕಲ್ಲು ಎಲ್ಲ ಸಿಕ್ಕಿಕೊಂಡವು. ಹಿತ್ತಲು ಕೆರೆಯಾಯಿತು. ನೋಡನೋಡುತ್ತಲೇ ಕೆರೆ ಅಡಿಗೆಮನೆಯ ಹೊಸ್ತಿಲು ದಾಟಿತು. ಜೋಳದ ಹಿಟ್ಟಿನ ಡಬ್ಬಿ ತೇಲತೊಡಗಿತು. ನಾನು ಪರಾತ ಹಿಡಿದು ನೀರು ತೋಡಿ ಹೊರಗೆ ಚೆಲ್ಲುತ್ತಿದ್ದೆ, ಅದು ಉತಾರ ನೋಡಿಕೊಂಡು ವಾಪಸು ಬರುತ್ತಿತ್ತು. ಯಾರನ್ನೂ ಕರೆಯಲಿಲ್ಲ. ಕರೆಯುವುದಾದರೂ ಯಾರನ್ನು?

ಆಗ ಗೋಡೆಯ ಆಚೆಯಿಂದ ಧಡ್ ಧಡ್ ಎಂದು ಸದ್ದು.

"ರಾಯರ, ಗ್ವಾಡಿ ಹತ್ರ ಇದ್ರ ಹಿಂದ ಸರೀರಿ. ಹಾರಿ ಹಾಕಾಕತ್ತೀನಿ."

ಚನಮಲ್ಲಪ್ಪ ತಾನು ಬಡಿದ ಸಿಮೆಂಟನ್ನು ತಾನೇ ಹಾರೆಯಿಂದ ಒಡೆಯುತ್ತಿದ್ದ. ಕೊನೆಯ ಪೆಟ್ಟಿಗೆ ಮೋರಿ ತೆರೆದುಕೊಂಡು, ಹಿತ್ತಲ ನೀರು ಗಡಗಡ ಎಂದು ಆ ಕಡೆಗೆ ನುಗ್ಗಿತು. ಅದು ಅವನ ಬೆಲ್ಲದ ಕೋಣೆಯ ಮಗ್ಗುಲಿಗೇ ಹೋಗುತ್ತದೆ. ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಮುಂಬಾಗಿಲಿನಿಂದ ಶಿವಗಂಗವ್ವ ಒಳಗೆ ಬಂದಳು, ಕೈಯಲ್ಲಿ ಕಸಬರಿಗೆ. ನಿನ್ನೆಯಷ್ಟೇ ಬಂದು ಹೋದವಳ ಹಾಗೆ ನೇರ ಅಡಿಗೆಮನೆಗೆ ಹೋಗಿ, ಗೋಣಿಚೀಲ ಇರುವ ಜಾಗದಿಂದ ಗೋಣಿಚೀಲ ತೆಗೆದಳು. ಅದು ಅಲ್ಲಿರುವುದು ನನಗೇ ಗೊತ್ತಿರಲಿಲ್ಲ. "ಏನ್ ಅವತಾರ ಮಾಡೀರ್ರೀ ಅಡಗಿಮನೀನ" ಎಂದಳು. ಮಳೆಯ ಬಗ್ಗೆ ಹೇಳಿದ್ದಲ್ಲ.

ಮೇ ೧೫, ಗುರುವಾರ

ಬೆಳಿಗ್ಗೆ ಅವರ ಮನೆಯಿಂದ ಬಿಸಿ ರೊಟ್ಟಿ, ಮಡಕಿಕಾಳು ಪಲ್ಯ ಬಂತು. ಹಿಟ್ಟು ತೊಯ್ದುಹೋಗಿದ್ದರಿಂದ ತಿನ್ನಬೇಕಾಯಿತು. ನಾಲ್ಕು ರೊಟ್ಟಿ ತಿನ್ನಬೇಕಾಯಿತು.

ಚನಮಲ್ಲಪ್ಪ ಬಂದು ಮೋರಿಯ ಹತ್ತಿರ ನಿಂತ. ಬೆಲ್ಲಕ್ಕೇನಾದರೂ ಆಯಿತೇ ಎಂದೆ. "ಸ್ವಲ್ಪ ಕರಗೇತಿ. ಇರುವಿ ತಿನ್ನೂದ ನೀರ ತಿಂತು" ಎಂದ. ಆಮೇಲೆ ಅವನೇ, "ಆ ಗೇಣ ಜಾಗಾ ನಿಮ್ಮದ ಇರಲಿ ರಾಯರ. ಗ್ವಾಡಿ ಇದ್ದಲ್ಲೇ ಇರಲಿ" ಎಂದ.

ನನ್ನ ಟೇಪು ಸರಿಯಾಗಿತ್ತು ಎಂದು ಅವನು ಒಪ್ಪಿಕೊಂಡ ಹಾಗಾಯಿತು. ಅದಕ್ಕೇ ನಾನೂ ಹೆಚ್ಚು ಬೆಳೆಸಲಿಲ್ಲ, ಇರಲಿ ಎಂದೆ.

ಮೇ ೨೦, ಮಂಗಳವಾರ

ಚಿದಾನಂದ ಇಡೀ ಹಿತ್ತಲನ್ನು ಕಿತ್ತು ಮತ್ತೆ ಕೂಡಿಸುತ್ತಿದ್ದಾನೆ. "ಕಾಂಕ್ರೀಟ್ ಆಗಿದ್ರ ಒಡೀಬೇಕಾಗ್ತಿತ್ತು. ಇದಕ್ಕ ಪೇವರ್ ಅಂತಾರ್ರೀ, ಎಷ್ಟ ಸಲಾ ತಪ್ಪ ಮಾಡಿದ್ರೂ ಕಿತ್ತಿ ಹಾಕಾಕ ಬರತೈತಿ" ಎಂದ. ತಪ್ಪು ಯಾರದೆಂದು ಹೇಳಲಿಲ್ಲ, ಆದರೆ ಕಪ್ಪು ಕನ್ನಡಕ ನನ್ನ ಕಡೆಗೇ ಇತ್ತು.

ಉಸ್ತುವಾರಿಗೆ ಚನಮಲ್ಲಪ್ಪ ಬಂದಿದ್ದ. ಉತಾರ ಇನ್ನೂ ಬೇಕು ಎಂದು ಅವನು, ಸಾಕು ಎಂದು ನಾನು. ನಾನು ತಂಬಿಗೆಯಿಂದ ನೀರು ಸುರಿದು ತೋರಿಸಿದರೆ ಅವನು ಕೊಡದಿಂದ ಸುರಿದು ತೋರಿಸಿದ. ಕೊನೆಗೆ ಚಿದಾನಂದ ಕೈ ಮುಗಿದು, "ಹಿರ್ಯಾರ, ಇಬ್ಬರೂ ಹೋಗಿ ಚಾ ಕುಡದ ಬರ್ರಿ" ಎಂದ. ಚಹ ಕುಡಿದು ಬಂದೆವು. ಪೇಟೆಯ ಮೂಲೆಯ ಅಂಗಡಿಯಲ್ಲಿ ಮಿರ್ಚಿ ಭಜಿ ಕೂಡ ತಿಂದೆವು.

ಸಾತವ್ವ ಒಂದೇ ಮಾತು ಕೇಳಿದಳು. "ಕಲ್ಲ ಹಾಕಿ ಮುಗಿಸಿದ್ವಲ್ಲರೀ, ಬಾಯಾರು ಬರಲಿಲ್ಲೇನು?" ಮಂಗಲಾ ಬರದೇ ಹೋದರೆ ಈ ಕಲ್ಲುಗಳನ್ನು ಏನು ಮಾಡಲಿ? ಅವಳಿಲ್ಲದ ಮನೆಯಲ್ಲಿ ಇರಲು ನನಗೆ ಬರುವುದಿಲ್ಲ. ಇದನ್ನು ಅವಳಿಗೆ ಹೇಳಿಲ್ಲ.

ಮೇ ೨೪, ಶನಿವಾರ

ಕೊನೆಯ ಪ್ರಯತ್ನವೆಂದು ಒಂದು ಮಲ್ಲಿಗೆ ಕುಂಡ ತಂದೆ. ಮಲ್ಲಿಗೆಯ ಫೋಟೋ ತೆಗೆಯಬೇಕೆಂದರೆ ಹಿಂದೆ ಚನಮಲ್ಲಪ್ಪನವರು ಕುರ್ಚಿ ಹಾಕಿಕೊಂಡು ಬಸಿಯಲ್ಲಿ ಚಹ ಊದುತ್ತ ಕೂತಿದ್ದರು. ಈಗ ಸಂಜೆ ಅವರು ಇಲ್ಲೇ ಕೂಡುವುದು, ಅವರ ಹಿತ್ತಲಲ್ಲಿ ಇಷ್ಟು ಗಾಳಿಯಿಲ್ಲ. ಸ್ವಲ್ಪ ಸರೀರಿ ಎಂದೆ. "ನಾ ಇದ್ರ ಹೂವ ಬಾಡತೈತೇನ್ರಿ?" ಎಂದರು. ಏಳಲಿಲ್ಲ. ಶಿವಗಂಗವ್ವನ ಅರ್ಧ ಸೆರಗು ಕೂಡ ಬಂದಿದೆ. ಮಲ್ಲಿಗೆ ಮೂಲೆಯಲ್ಲಿ ಒಂಚೂರು ಕಾಣುತ್ತದೆ. ಹೋಗಲಿ ಎಂದು ಅದನ್ನೇ ಕಳಿಸಿದೆ.

ಈ ಸಲ ಅವಳೇ ಫೋನು ಮಾಡಿದಳು. "ನಾಳೆ ಬರ್ತೇನಿ, ಕರಕೊಂಡು ಹೋಗಲಿಕ್ಕೆ ಬರ್ರಿ" ಎಂದಳು.

ಮೂರು ಕುಂಡದಿಂದ ಆಗದ್ದು ಒಂದು ಮಲ್ಲಿಗೆಯಿಂದ ಆಯಿತು. ಮೊದಲೇ ತರಬೇಕಿತ್ತು.

ಮೇ ೨೫, ರವಿವಾರ

ಮಂಗಲಾ ಬಂದಳು.

ಚೀಲವನ್ನು ಪಡಸಾಲೆಯಲ್ಲೇ ಬಿಟ್ಟು ನೇರ ಹಿತ್ತಲಿಗೆ ಹೋದಳು. ಕಂಬಿ ಹಿಡಿಯಲಿಲ್ಲ, ಕೋಲೂರುತ್ತ ನಡೆದು ಒಗೆಯುವ ಕಲ್ಲಿನ ತನಕ ಹೋಗಿ ಅಲ್ಲಿ ನಿಂತಳು. ನಾನು ಹಿಂದೆಯೇ ಹೋಗಿ ಖಡಿ, ಉಸುಕು, ಮಷಿನ್ನು, ಉತಾರ ಎಲ್ಲವನ್ನೂ ವಿವರಿಸಿದೆ. ಮಲ್ಲಿಗೆ ತೋರಿಸಿದೆ. ಅವಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

"ಅವತ್ತ ಇಲ್ಲೇ ಬಿದ್ದಿದ್ದೆ" ಎಂದಳು. "ಆಕಡೆ ಶಿವಗಂಗವ್ವ ಭಾಂಡಿ ತಿಕ್ಕೂ ಸಪ್ಪಳಾ ಕೇಳಸ್ತಿತ್ತು. ಕರೀಬೇಕು ಅಂದೆ. ಮಾತಾಡಬಾರದು ಅಂತ ನೀವು ಹೇಳಿದ್ದು ನೆನಪಾತು. ನೀವು ಬರೂತನಕಾ ಹಂಗೇ ಮಲಕೊಂಡೆ."

ಅವಳು ಗೋಡೆಯ ಕಡೆ ತಿರುಗಿ, ಗಟ್ಟಿಯಾಗಿಯೂ ಅಲ್ಲ, ಸಾದಾ ದನಿಯಲ್ಲಿ ಕರೆದಳು. "ಶಿವಗಂಗವ್ವಾ."

"ಬಂದ್ನೆವಾ."

"ಬರೂದು ಬ್ಯಾಡ. ಕೇಳಸ್ತದೇನು ನೋಡಿದೆ, ಅಷ್ಟ."

ಆದರೂ ಬಂದಳು. ಕೈತುಂಬ ಹಿಟ್ಟು. ಮಂಗಲಾಳ ಎರಡೂ ಕೆನ್ನೆಗೆ ಹಿಟ್ಟಿನ ಕೈಯಿಟ್ಟು, "ಕೇಳಸದ ಏನವಾ? ಅವತ್ತ ಕರದಿದ್ರ ಅವತ್ತೂ ಬರತಿದ್ದೆ" ಎಂದಳು.

ನಾನು ಒಳಗೆ ಹೋದೆ. ಅಳು ಬಂದಿತ್ತು. ಒಲೆಯ ಮುಂದೆ ನಿಂತು ಅದು ಮುಗಿಯುವವರೆಗೆ ಕಾದು, ಆಮೇಲೆ ನಾಲ್ಕು ಜನಕ್ಕೆ ಚಹಕ್ಕಿಟ್ಟೆ.